ಬಿಗಿ-ಸಡಿಲಗಳನ್ನು ಅಳೆದ ಹ್ಯೂಗೋ ಡಿ ವ್ರೀಸ್

ಬಾಡಿದ ಹರಿವೆ ಸೊಪ್ಪಿನ ಕಟ್ಟನ್ನು ತಣ್ಣೀರಿನಲ್ಲಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ತಲೆಯೆತ್ತಿ ನಿಲ್ಲುತ್ತದೆ. ಮಾವಿನ ಮಿಡಿಯನ್ನು ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಮಿಡಿ ಸುಕ್ಕುಗಟ್ಟಿ ಭರಣಿಯಲ್ಲಿ ನೀರು ತುಂಬುತ್ತದೆ. ಈ ಎರಡು ಸಂಗತಿಗಳನ್ನೂ ನಮ್ಮ ಮನೆಯ ಹೆಂಗಸರು ತಲೆತಲಾಂತರದಿಂದ ಬಲ್ಲರು. ಆದರೆ ಉಪ್ಪು ನೀರನ್ನು ಎಷ್ಟು ಬಲವಾಗಿ ಎಳೆಯುತ್ತದೆ, ಸಕ್ಕರೆ ಎಷ್ಟು ಎಳೆಯುತ್ತದೆ, ಎಂಥ ನೀರಿನಲ್ಲಿ ಇಟ್ಟರೆ ಜೀವಕೋಶವು ಉಬ್ಬದೆಯೂ ಕುಗ್ಗದೆಯೂ ಇದ್ದ ಹಾಗೆಯೇ ಇರುತ್ತದೆ ಎಂಬುದನ್ನು ತಾಳ್ಮೆಯಿಂದ ಅಳೆದು ಲೆಕ್ಕವಿಟ್ಟು ಲೋಕಕ್ಕೆ ತಿಳಿಸಿದವರು ಹಾಲೆಂಡ್ ದೇಶದ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್.

ಈ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಜೀವವಿಜ್ಞಾನದ ಪುಸ್ತಕದಲ್ಲಿ ಉತ್ಪರಿವರ್ತನೆಯ ಸಿದ್ಧಾಂತವನ್ನು ಹೇಳುವಾಗ ಈ ಮಹನೀಯರ ಹೆಸರು ಬಂದೇ ಬರುತ್ತದೆ. ಮೆಂಡೆಲರ ನಿಯಮಗಳು ಮತ್ತೆ ಬೆಳಕಿಗೆ ಬಂದ ಕಥೆಯಲ್ಲಿಯೂ ಅವರಿದ್ದಾರೆ. ಆದರೆ ಅದಕ್ಕಿಂತ ಮೊದಲು, ತಮ್ಮ ಮೂವತ್ತರ ಹರೆಯದಲ್ಲಿ, ಅವರು ಮಾಡಿದ ಕೆಲಸವೊಂದುಂಟು. ಐಸೋಟಾನಿಕ್ ಎಂಬ ಮಾತು ವಿಜ್ಞಾನದ ಬಳಕೆಗೆ ಬಂದದ್ದು ಆ ಕೆಲಸದಿಂದ. ಅದರ ಒಡನಾಡಿಗಳಾದ ಹೈಪೋಟಾನಿಕ್ ಮತ್ತು ಹೈಪರ್‌ಟಾನಿಕ್ ಎಂಬ ಎರಡು ಮಾತುಗಳು ಇಂದು ಒಂಬತ್ತನೆಯ ತರಗತಿಯ ಪಾಠದಲ್ಲಿಯೂ ಉಂಟು, ಆಸ್ಪತ್ರೆಯ ಚೀಟಿಯಲ್ಲಿಯೂ ಉಂಟು. ಪಾಠದಲ್ಲಿ ಒಂದು ಅರ್ಥ, ವೈದ್ಯರ ಬಾಯಲ್ಲಿ ಅದಕ್ಕೆ ವಿರುದ್ಧವಾದ ಅರ್ಥ ಎಂದು ಮೇಲುನೋಟಕ್ಕೆ ತೋರುವುದರಿಂದ ಮಕ್ಕಳೂ ಹೆತ್ತವರೂ ಗೊಂದಲಕ್ಕೆ ಬೀಳುತ್ತಾರೆ. ಕನ್ನಡ ಪಾಠ ಹೇಳುವ ನಾವು ಈ ವಿಷಯಕ್ಕೆ ಕೈಹಾಕಿದ್ದು ಇದರಿಂದಲೇ. ಇದು ಅರ್ಧ ವಿಜ್ಞಾನದ ಪ್ರಶ್ನೆಯಾದರೆ ಇನ್ನರ್ಧ ಭಾಷೆಯ ಪ್ರಶ್ನೆ. ಮೊದಲು ಆ ಮಹನೀಯರ ಜೀವನವನ್ನು ನೋಡೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹ್ಯೂಗೋ ಡಿ ವ್ರೀಸ್ 1848ರ ಫೆಬ್ರವರಿ 16ರಂದು ಹಾಲೆಂಡಿನ ಹಾರ್ಲೆಮ್ ಪಟ್ಟಣದಲ್ಲಿ ಜನಿಸಿದರು. ಅವರದು ವಿದ್ಯಾವಂತರ ಮನೆತನ. ತಂದೆ ಗೆರಿಟ್ ಡಿ ವ್ರೀಸ್ ನ್ಯಾಯವಾದಿಗಳು. ಮುಂದೆ 1872ರಿಂದ 1874ರವರೆಗೆ ದೇಶದ ಮಂತ್ರಿಮಂಡಲದ ಮುಖ್ಯಸ್ಥರಾಗಿದ್ದವರು. ತಾಯಿಯ ತಂದೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಪುರಾತತ್ತ್ವದ ಪ್ರಾಧ್ಯಾಪಕರಾಗಿದ್ದವರು. ಇಂತಹ ಮನೆಯ ಹುಡುಗ ನ್ಯಾಯಶಾಸ್ತ್ರ ಕಲಿತು ದೊಡ್ಡ ಹುದ್ದೆಗೆ ಏರುವುದು ಸಹಜವಾಗಿತ್ತು. ಆದರೆ ಬಾಲಕ ಹ್ಯೂಗೋನ ಮನಸ್ಸು ಹೊಲಗದ್ದೆಗಳ ಅಂಚಿನಲ್ಲಿ, ಕಾಲುವೆಗಳ ದಡದಲ್ಲಿ ಬೆಳೆಯುವ ಗಿಡಗಳ ಮೇಲಿತ್ತು. ರಜೆ ಬಂದರೆ ಊರೂರು ಸುತ್ತಿ ಗಿಡಗಳನ್ನು ತಂದು ಒಣಗಿಸಿ, ಕಾಗದಕ್ಕೆ ಅಂಟಿಸಿ, ಹೆಸರು ಬರೆದಿಡುವುದು ಅವನ ಹವ್ಯಾಸವಾಗಿತ್ತು.

1866ರಲ್ಲಿ ಅವರು ಲೈಡನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಎರಡು ಪುಸ್ತಕಗಳು ಅವರ ಬಾಳಿನ ದಾರಿಯನ್ನು ತಿರುಗಿಸಿದವು. ಒಂದು, ಜೀವಿಗಳ ಉಗಮವನ್ನು ಕುರಿತ ಚಾರ್ಲ್ಸ್ ಡಾರ್ವಿನ್ನರ ಗ್ರಂಥ. ಇನ್ನೊಂದು, ಜರ್ಮನಿಯ ಜೂಲಿಯಸ್ ಸ್ಯಾಕ್ಸ್ ಅವರು ಬರೆದ ಸಸ್ಯಶಾಸ್ತ್ರದ ಪಠ್ಯಪುಸ್ತಕ. ಗಿಡಗಳ ಹೆಸರು ಹೇಳಿ ವರ್ಗೀಕರಿಸಿದರೆ ಸಾಲದು, ಗಿಡ ಹೇಗೆ ಬದುಕುತ್ತದೆ, ಹೇಗೆ ಬೆಳೆಯುತ್ತದೆ ಎಂಬುದನ್ನು ಪ್ರಯೋಗದಿಂದ ತಿಳಿಯಬೇಕು ಎಂಬುದು ಸ್ಯಾಕ್ಸ್ ಅವರ ಮಾರ್ಗ. ಡಿ ವ್ರೀಸ್ ಆ ಮಾರ್ಗವನ್ನು ಹಿಡಿದರು. ಸಸ್ಯಗಳ ಜೀವನದ ಮೇಲೆ ಶಾಖದ ಪರಿಣಾಮವನ್ನು ಕುರಿತು ಪ್ರಬಂಧ ಬರೆದು 1870ರಲ್ಲಿ ಡಾಕ್ಟರ್ ಪದವಿ ಪಡೆದರು. ಆಗ ಅವರಿಗೆ ವಯಸ್ಸು 22 ಮಾತ್ರ.

ಅನಂತರ ಜರ್ಮನಿಗೆ ಹೋಗಿ ಹೈಡೆಲ್‌ಬರ್ಗಿನಲ್ಲಿ ಹಾಫ್‌ಮೈಸ್ಟರ್ ಅವರ ಬಳಿಯೂ ವೂರ್ಟ್ಸ್‌ಬರ್ಗಿನಲ್ಲಿ ಸ್ಯಾಕ್ಸ್ ಅವರ ಬಳಿಯೂ ಅಭ್ಯಾಸ ಮಾಡಿದರು. 1871ರಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾದರು. ಹೌದು, ಜಗತ್ಪ್ರಸಿದ್ಧ ವಿಜ್ಞಾನಿಯಾಗುವ ಮೊದಲು ಅವರು ಸುಮಾರು ನಾಲ್ಕು ವರ್ಷ ಶಾಲಾಮಾಸ್ತರರಾಗಿದ್ದರು. ಶಾಲೆಗೆ ಬೇಸಿಗೆ ರಜೆ ಬಂದೊಡನೆ ಗಂಟುಮೂಟೆ ಕಟ್ಟಿಕೊಂಡು ಸ್ಯಾಕ್ಸ್ ಅವರ ಪ್ರಯೋಗಶಾಲೆಗೆ ಹೋಗುತ್ತಿದ್ದರು. ರಜೆಯನ್ನು ಹೀಗೂ ಕಳೆಯಬಹುದು ಎಂಬುದನ್ನು ವಿದ್ಯಾರ್ಥಿಗಳೂ ಉಪಾಧ್ಯಾಯರೂ ಗಮನಿಸಬೇಕು.

1875ರಲ್ಲಿ ಪ್ರಷ್ಯಾದ ಕೃಷಿ ಇಲಾಖೆ ಅವರಿಗೆ ಕೆಲಸ ಕೊಟ್ಟಿತು. ಮೇವಿನ ಬೆಳೆಯಾದ ಕೆಂಪು ಕ್ಲೋವರ್, ಆಲೂಗಡ್ಡೆ, ಸಕ್ಕರೆ ಬೀಟ್ ಈ ಬೆಳೆಗಳನ್ನು ಕುರಿತು ಅವರು ಆಳವಾಗಿ ಅಭ್ಯಾಸ ಮಾಡಿ ಬರೆದರು. 1877ರಲ್ಲಿ ಆಮ್‌ಸ್ಟರ್‌ಡಾಮಿನ ಹಳೆಯ ವಿದ್ಯಾಸಂಸ್ಥೆಯು ವಿಶ್ವವಿದ್ಯಾಲಯವಾದಾಗ ಸಸ್ಯಶರೀರಕ್ರಿಯೆಯ ಉಪನ್ಯಾಸಕರಾಗಿ ಸ್ವದೇಶಕ್ಕೆ ಮರಳಿದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ, ತಾವು ಬಹುವಾಗಿ ಗೌರವಿಸುತ್ತಿದ್ದ ಡಾರ್ವಿನ್ನರನ್ನು ಕಂಡು ಬಂದರು. 1881ರಲ್ಲಿ ಪೂರ್ಣ ಪ್ರಾಧ್ಯಾಪಕರಾದರು.

ಗಿಡ ನೆಟ್ಟಗೆ ನಿಲ್ಲುವುದು ಹೇಗೆ?

ಪ್ರಾಣಿಗಳಿಗೆ ಎಲುಬುಂಟು, ಮರಕ್ಕೆ ಕಟ್ಟಿಗೆಯುಂಟು. ಆದರೆ ಎಳೆಯ ಚಿಗುರಿಗೆ ಏನುಂಟು? ಅದು ನೆಟ್ಟಗೆ ನಿಲ್ಲುವುದು ಹೇಗೆ? ನೀರು ಸಿಗದಿದ್ದರೆ ಜೋತು ಬೀಳುವುದು ಏಕೆ? ಇದು ಡಿ ವ್ರೀಸರನ್ನು ಕಾಡಿದ ಪ್ರಶ್ನೆ.

ಸಸ್ಯದ ಜೀವಕೋಶದ ಹೊರಗೆ ಗಟ್ಟಿಯಾದ ಕೋಶಭಿತ್ತಿ ಇದೆ. ಅದರ ಒಳಮೈಗೆ ತೆಳುವಾದ ಪೊರೆಯೊಂದಿಗೆ ಜೀವರಸವಿದೆ. ನಡುವೆ ಸಕ್ಕರೆ ಲವಣಗಳು ಕರಗಿದ ನೀರು ತುಂಬಿದ ರಸದಾನಿಯಿದೆ. ಪೊರೆಯು ನೀರನ್ನು ಸುಲಭವಾಗಿ ಬಿಡುತ್ತದೆ, ಕರಗಿದ ವಸ್ತುಗಳನ್ನು ಹಾಗೆ ಬಿಡುವುದಿಲ್ಲ. ಆದ್ದರಿಂದ ಹೊರಗೆ ತಿಳಿನೀರಿದ್ದರೆ ನೀರು ಒಳಕ್ಕೆ ನುಗ್ಗುತ್ತದೆ. ಕೋಶ ಉಬ್ಬಿ ಭಿತ್ತಿಯನ್ನು ಒತ್ತುತ್ತದೆ. ಭಿತ್ತಿ ಹಿಡಿದು ನಿಲ್ಲಿಸುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಟೈರಿನೊಳಗೆ ಬಿಗಿಯಾಗುವ ಹಾಗೆ ಕೋಶ ಬಿಗಿಯಾಗುತ್ತದೆ. ಇಂತಹ ಲಕ್ಷಾಂತರ ಬಿಗಿಯಾದ ಕೋಶಗಳೇ ಚಿಗುರಿನ ಬೆನ್ನೆಲುಬು. ಹೊರಗೆ ಉಪ್ಪುನೀರಿದ್ದರೆ ಇದಕ್ಕೆ ವಿರುದ್ಧವಾಗಿ ಒಳಗಿನ ನೀರು ಹೊರಗೆ ಹೋಗುತ್ತದೆ. ಜೀವರಸ ಕುಗ್ಗಿ ಭಿತ್ತಿಯಿಂದ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಡಿ ವ್ರೀಸ್ ಪ್ಲಾಸ್ಮಾಲಿಸಿಸ್ ಎಂದು ಹೆಸರಿಟ್ಟರು. ನೀರು ಹೀಗೆ ಪೊರೆಯ ಮೂಲಕ ಹಾಯುವುದಕ್ಕೆ ನಮ್ಮ ಪಠ್ಯಪುಸ್ತಕದಲ್ಲಿ ಅಭಿಸರಣೆ ಎಂಬ ಹೆಸರಿದೆ.

ಬೆಳೆಯುತ್ತಿರುವ ಕಾಂಡದ ತುಂಡನ್ನು ಅವರು ಉಪ್ಪಿನ ದ್ರಾವಣದಲ್ಲಿ ಇಟ್ಟು ಅದು ಎಷ್ಟು ಗಿಡ್ಡವಾಯಿತೆಂದು ಅಳೆದರು. ಆ ತುಂಡಿನ ಉದ್ದದಲ್ಲಿ ನಿಜವಾದ ಬೆಳವಣಿಗೆ ಎಷ್ಟು, ನೀರಿನ ಒತ್ತಡದಿಂದ ಹಿಗ್ಗಿದ್ದು ಎಷ್ಟು ಎಂಬುದು ಇದರಿಂದ ತಿಳಿಯಿತು. ಇಷ್ಟಕ್ಕೆ ನಿಲ್ಲಿಸದೆ ಅವರು ಮುಂದಿನ ಪ್ರಶ್ನೆ ಕೇಳಿದರು: ಬೇರೆ ಬೇರೆ ವಸ್ತುಗಳು ನೀರನ್ನು ಎಳೆಯುವ ಬಲವನ್ನು ಹೋಲಿಸುವುದು ಹೇಗೆ?

ಎಲೆಯ ಸಿಪ್ಪೆಯೇ ತಕ್ಕಡಿ

ಇದಕ್ಕೆ ಅವರು ಬಳಸಿದ ಉಪಾಯ ಸರಳವಾದುದು, ಅದರ ಫಲ ಬಹು ದೊಡ್ಡದು. ಟ್ರೇಡ್‌ಸ್ಕಾಂಶಿಯಾ ಎಂಬ ಗಿಡದ ಎಲೆಯ ಅಡಿಭಾಗ ನೇರಳೆ ಬಣ್ಣದ್ದು. ನಮ್ಮ ಅಂಗಳದ ಹೂಕುಂಡಗಳಲ್ಲಿಯೂ ಈ ಗಿಡವನ್ನು ಕಾಣಬಹುದು. ಆ ಅಡಿಭಾಗದ ತೆಳುಸಿಪ್ಪೆಯನ್ನು ಸುಲಿದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬಣ್ಣದ ರಸ ತುಂಬಿದ ಕೋಶಗಳು ಸ್ಪಷ್ಟವಾಗಿ ಕಾಣುತ್ತವೆ. ಜೀವರಸ ಭಿತ್ತಿಯನ್ನು ಬಿಟ್ಟು ಸ್ವಲ್ಪ ಸರಿದರೂ ಬಣ್ಣದಿಂದಾಗಿ ಅದು ಕಣ್ಣಿಗೆ ಬೀಳುತ್ತದೆ. ಬಿಗೋನಿಯಾ ಗಿಡವನ್ನೂ ನಮ್ಮ ಅರಸಿನದ ಜಾತಿಗೆ ಸೇರಿದ ಒಂದು ಗಿಡವನ್ನೂ ಅವರು ಇದಕ್ಕಾಗಿ ಬಳಸಿದರು.

ಒಂದೇ ಎಲೆಯ ಸಿಪ್ಪೆಯ ಚೂರುಗಳನ್ನು ಬೇರೆ ಬೇರೆ ಸಾಂದ್ರತೆಯ ಪೆಟ್ಲುಪ್ಪಿನ ದ್ರಾವಣಗಳಲ್ಲಿ ಹಾಕುವುದು. ಯಾವ ಸಾಂದ್ರತೆಯಲ್ಲಿ ಸುಮಾರು ಅರ್ಧದಷ್ಟು ಕೋಶಗಳು ಆಗತಾನೇ ಕುಗ್ಗಲು ತೊಡಗುತ್ತವೆ ಎಂದು ನೋಡುವುದು. ಆ ದ್ರಾವಣದ ಬಲ, ಕೋಶದ ಒಳರಸದ ಬಲ ಎರಡೂ ಸಮ ಎಂದಾಯಿತು. ಬಳಿಕ ಅದೇ ಎಲೆಯ ಬೇರೆ ಚೂರುಗಳನ್ನು ಸಕ್ಕರೆಯ ದ್ರಾವಣಗಳಲ್ಲಿ ಹಾಕಿ ಅದೇ ಗುರುತನ್ನು ಹುಡುಕುವುದು. ಎರಡೂ ಒಂದೇ ಕೋಶರಸಕ್ಕೆ ಸಮವಾದ ಮೇಲೆ ಆ ಎರಡು ದ್ರಾವಣಗಳೂ ಒಂದಕ್ಕೊಂದು ಸಮವಲ್ಲವೇ? ಹೀಗೆ ಎಲೆಯ ಸಿಪ್ಪೆಯೇ ತಕ್ಕಡಿಯಾಯಿತು. ಸಮಬಲದ ಇಂತಹ ದ್ರಾವಣಗಳನ್ನು ಅವರು ಐಸೋಟಾನಿಕ್ ಎಂದು ಕರೆದರು.

ಹತ್ತಾರು ವಸ್ತುಗಳನ್ನು ಹೀಗೆ ತೂಗಿ ನೋಡಿ 1884ರಲ್ಲಿ ಅವರು ಫಲಿತಾಂಶವನ್ನು ವಿಸ್ತಾರವಾಗಿ ಪ್ರಕಟಿಸಿದರು. ಅದರಲ್ಲಿ ಒಂದು ಸೋಜಿಗ ಕಂಡಿತು. ತೂಕದಿಂದಲ್ಲ, ಅಣುಗಳ ಎಣಿಕೆಯಿಂದ ಹೋಲಿಸಿದರೆ ಲೆಕ್ಕ ಸರಳವಾಗುತ್ತದೆ. ಸಕ್ಕರೆಯ ಒಂದು ಅಣುವಿನ ಬಲವನ್ನು 2 ಎಂದಿಟ್ಟರೆ ಪೆಟ್ಲುಪ್ಪಿನ ಒಂದು ಅಣುವಿನ ಬಲ 3 ಆಗುತ್ತದೆ. ಅಂದರೆ ಪೆಟ್ಲುಪ್ಪಿನ 2 ಅಣುಗಳು ಸಕ್ಕರೆಯ 3 ಅಣುಗಳಿಗೆ ಸಮ. ಕೆಲವು ಲವಣಗಳ ಬಲ 4, ಕೆಲವಕ್ಕೆ 5. ಒಂದು ಜಾತಿಯ ಲವಣಗಳಿಗೆಲ್ಲ ಒಂದೇ ಅಂಕಿ. ಎಲೆಯ ಸಿಪ್ಪೆಯನ್ನು ನೋಡುತ್ತ ಕುಳಿತವರ ಕೈಗೆ ರಸಾಯನಶಾಸ್ತ್ರದ ಒಂದು ನಿಯಮದ ತುದಿ ಸಿಕ್ಕಿತ್ತು.

ಇದೇ ವಿಧಾನದಿಂದ 1888ರಲ್ಲಿ ರಸಾಯನಶಾಸ್ತ್ರಜ್ಞರ ವಿವಾದವೊಂದನ್ನೂ ಅವರು ಬಗೆಹರಿಸಿದರು. ರಾಫಿನೋಸ್ ಎಂಬ ಸಕ್ಕರೆಯ ಅಣು ಎಷ್ಟು ದೊಡ್ಡದೆಂಬ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿದ್ದವು. ಡಿ ವ್ರೀಸ್ ಎಲೆಯ ಕೋಶಗಳ ಸಹಾಯದಿಂದ ಅದರ ಅಣುತೂಕವನ್ನು ತಿಳಿದು ಸರಿಯಾದ ಸೂತ್ರ ಯಾವುದೆಂದು ತೋರಿಸಿದರು.

ದಾರಿಯಲ್ಲಿ ಸಿಕ್ಕ ಗೆಳೆಯ

ಆಮ್‌ಸ್ಟರ್‌ಡಾಮಿನ ಅದೇ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ವಾಂಟ್ ಹಾಫ್. ಲವಣಗಳು ನೀರನ್ನು ಎಷ್ಟು ಬಲವಾಗಿ ಹಿಡಿದಿಟ್ಟುಕೊಳ್ಳುತ್ತವೆ ಎಂಬುದನ್ನು ಅಳೆಯುವ ದಾರಿ ಅವರಿಗೆ ಬೇಕಾಗಿತ್ತು. ಒಂದು ದಿನ ಪ್ರಯೋಗಶಾಲೆಯಿಂದ ಹೊರಬಂದಾಗ ಬೀದಿಯಲ್ಲಿ ಡಿ ವ್ರೀಸ್ ದಂಪತಿಗಳು ಎದುರಾದರಂತೆ. ಆಗ ಡಿ ವ್ರೀಸ್, ಜರ್ಮನಿಯ ಫೆಫರ್ ಎಂಬ ಸಸ್ಯವಿಜ್ಞಾನಿ 1877ರಲ್ಲಿ ಅಭಿಸರಣೆಯ ಒತ್ತಡವನ್ನು ನೇರವಾಗಿ ಅಳೆದು ಪ್ರಕಟಿಸಿದ ಅಂಕಿಗಳ ವಿಷಯವನ್ನು ತಿಳಿಸಿದರು. ಇದನ್ನು ಮುಂದೆ ವಾಂಟ್ ಹಾಫ್ ಅವರೇ ಹೇಳಿಕೊಂಡಿದ್ದಾರೆ.

ಆ ಅಂಕಿಗಳನ್ನು ಹಿಡಿದು ವಾಂಟ್ ಹಾಫ್, ದ್ರಾವಣದಲ್ಲಿ ಕರಗಿದ ವಸ್ತುವು ಅನಿಲದಂತೆಯೇ ಒತ್ತಡದ ನಿಯಮಕ್ಕೆ ಒಳಪಟ್ಟಿದೆ ಎಂಬ ಮಹತ್ವದ ಸಿದ್ಧಾಂತವನ್ನು ಕಂಡುಹಿಡಿದರು. ಲವಣಗಳ ಬಲ ಮಾತ್ರ ಲೆಕ್ಕಕ್ಕಿಂತ ಹೆಚ್ಚಾಗಿತ್ತು. ಅದು ಏಕೆಂಬುದನ್ನು ಸ್ವೀಡನ್ನಿನ ಅರೀನಿಯಸ್ 1887ರಲ್ಲಿ ವಿವರಿಸಿದರು. ಲವಣದ ಅಣು ನೀರಿನಲ್ಲಿ ಒಡೆದು ಅಯಾನುಗಳಾಗುತ್ತದೆ. ಕಣಗಳ ಸಂಖ್ಯೆ ಹೆಚ್ಚಿದಂತೆ ಎಳೆತವೂ ಹೆಚ್ಚುತ್ತದೆ. ಡಿ ವ್ರೀಸ್ ಕಂಡ 2, 3, 4ರ ಒಗಟಿನ ಗುಟ್ಟು ಇದೇ ಆಗಿತ್ತು.

1901ರಲ್ಲಿ ರಸಾಯನಶಾಸ್ತ್ರಕ್ಕೆ ಮೊಟ್ಟಮೊದಲನೆಯ ನೊಬೆಲ್ ಪಾರಿತೋಷಕ ಕೊಟ್ಟಾಗ ಅದು ವಾಂಟ್ ಹಾಫ್ ಅವರಿಗೆ ಸಂದಿತು. ಅರೀನಿಯಸ್‌ಗೆ 1903ರಲ್ಲಿ ದೊರೆಯಿತು. ಡಿ ವ್ರೀಸ್‌ಗೆ ಆ ಪಾರಿತೋಷಕ ಎಂದೂ ದೊರೆಯಲಿಲ್ಲ. ತನಗೆ ತಿಳಿದುದನ್ನು ಬೀದಿಯಲ್ಲಿ ನಿಂತು ಇನ್ನೊಬ್ಬರಿಗೆ ಹೇಳಿದ್ದರಿಂದ ವಿದ್ಯೆ ಕಡಿಮೆಯಾಗಲಿಲ್ಲ. ಒಂದು ಹೊಸ ಶಾಸ್ತ್ರವೇ ಬೆಳೆಯಿತು.

ಎಲೆಯಿಂದ ರಕ್ತಕ್ಕೆ

ಎಲೆಗೆ ಹೊಂದಿದ ಲೆಕ್ಕ ಮನುಷ್ಯನ ರಕ್ತಕ್ಕೂ ಹೊಂದುತ್ತದೆಯೇ? ಡಿ ವ್ರೀಸರ ಕೆಲಸದಿಂದ ಪ್ರೇರಣೆ ಪಡೆದು ಈ ಪ್ರಶ್ನೆಯನ್ನು ಎತ್ತಿಕೊಂಡವರು ಹಾಲೆಂಡಿನವರೇ ಆದ ಹ್ಯಾಂಬರ್ಗರ್. ಅವರು 1883ರಿಂದ ಕೆಂಪು ರಕ್ತಕಣಗಳನ್ನು ನಾನಾ ಲವಣಗಳ ದ್ರಾವಣಗಳಲ್ಲಿ ಹಾಕಿ ಪರೀಕ್ಷಿಸಿದರು. ದ್ರಾವಣ ತೀರ ತೆಳುವಾದರೆ ರಕ್ತಕಣ ನೀರು ಕುಡಿದು ಉಬ್ಬಿ ಒಡೆಯುತ್ತದೆ, ಬಣ್ಣ ಹೊರಗೆ ಬರುತ್ತದೆ. ಸಸ್ಯಕೋಶಕ್ಕಿರುವ ಗಟ್ಟಿ ಭಿತ್ತಿ ರಕ್ತಕಣಕ್ಕಿಲ್ಲವಷ್ಟೆ. ದ್ರಾವಣ ಗಟ್ಟಿಯಾದರೆ ಕಣ ಸುಕ್ಕಾಗುತ್ತದೆ. ಬೇರೆ ಬೇರೆ ಲವಣಗಳಲ್ಲಿ ಈ ಗಡಿ ಎಲ್ಲಿದೆ ಎಂದು ನೋಡಿದಾಗ ಡಿ ವ್ರೀಸ್ ಎಲೆಯಲ್ಲಿ ಕಂಡ ಅಂಕಿಗಳ ಅನುಪಾತವೇ ಇಲ್ಲಿಯೂ ಕಂಡಿತು. ಗಿಡಕ್ಕೂ ಮನುಷ್ಯನಿಗೂ ನಿಯಮ ಒಂದೇ.

ಮನುಷ್ಯನ ರಕ್ತಕ್ಕೆ ಸಮಬಲದ ಉಪ್ಪುನೀರು ಸುಮಾರು ಶೇಕಡಾ 0.9ರಷ್ಟು, ಅಂದರೆ 1 ಲೀಟರಿಗೆ 9 ಗ್ರಾಂ ಉಪ್ಪು ಬೆರೆತದ್ದು ಎಂಬುದು ಈ ದಾರಿಯಿಂದಲೇ ತಿಳಿಯಿತು. ಇಂದು ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯ ಮೇಲೆ 0.9 ಎಂಬ ಅಂಕಿಯನ್ನು ಯಾರೂ ಓದಬಹುದು. ಗ್ಲೂಕೋಸಿನ ಬಾಟಲಿಯ ಮೇಲೆ ಶೇಕಡಾ 5 ಎಂದಿರುತ್ತದೆ. 9 ಗ್ರಾಂ ಉಪ್ಪಿಗೂ 50 ಗ್ರಾಂ ಗ್ಲೂಕೋಸಿಗೂ ಹೆಚ್ಚುಕಡಿಮೆ ಒಂದೇ ಬಲ! ತೂಕ ಬೇರೆಯಾದರೂ ಕಣಗಳ ಎಣಿಕೆ ಸಮೀಪವಾಗಿರುವುದೇ ಇದಕ್ಕೆ ಕಾರಣ. ಶುದ್ಧ ನೀರೆಂದು ಬಟ್ಟಿಯಿಳಿಸಿದ ನೀರನ್ನೇ ರಕ್ತನಾಳಕ್ಕೆ ಬಾಟಲಿಗಟ್ಟಲೆ ಏರಿಸಿದರೆ ರಕ್ತಕಣಗಳು ಒಡೆದು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಕುಡಿಯುವುದಕ್ಕೆ ಒಳ್ಳೆಯದಾದ ನೀರು ರಕ್ತಕ್ಕೆ ನೇರವಾಗಿ ಸೇರಿದರೆ ವಿಷಕ್ಕೆ ಸಮಾನ.

ಒಂದು ಪದ, ಎರಡು ಮನೆ

ಈಗ ನಾವು ಮೊದಲು ಹೇಳಿದ ಗೊಂದಲಕ್ಕೆ ಬರೋಣ. ಈ ಪದಗಳ ಮೂಲ ಗ್ರೀಕ್ ಭಾಷೆಯ ಟೋನೋಸ್. ಅದರ ಅರ್ಥ ಎಳೆತ, ಬಿಗಿತ. ತಂಬೂರಿಯ ತಂತಿಯನ್ನು ಬಿಗಿದಾಗ ಬರುವ ನಾದಕ್ಕೂ ಇದೇ ಮೂಲದಿಂದ ಇಂಗ್ಲಿಷಿನಲ್ಲಿ ಟೋನ್ ಎಂಬ ಹೆಸರು ಬಂದಿದೆ. ಹೈಪೋ ಎಂದರೆ ಕಡಿಮೆ, ಹೈಪರ್ ಎಂದರೆ ಹೆಚ್ಚು, ಐಸೋ ಎಂದರೆ ಸಮ.

ದ್ರಾವಣದ ಪಾಠದಲ್ಲಿ ಹೈಪೋಟಾನಿಕ್ ಎಂದರೆ ಕೋಶರಸಕ್ಕಿಂತ ಕಡಿಮೆ ಎಳೆತವುಳ್ಳ, ತೆಳುವಾದ ದ್ರಾವಣ. ಅದರಲ್ಲಿಟ್ಟ ಕೋಶ ನೀರು ಹೀರಿ ಬಿಗಿಯಾಗುತ್ತದೆ. ಹೈಪರ್‌ಟಾನಿಕ್ ಎಂದರೆ ಹೆಚ್ಚು ಎಳೆತವುಳ್ಳ, ಗಟ್ಟಿಯಾದ ದ್ರಾವಣ. ಅದರಲ್ಲಿಟ್ಟ ಕೋಶ ನೀರು ಕಳೆದುಕೊಂಡು ಸಡಿಲವಾಗುತ್ತದೆ.

ಸ್ನಾಯುವಿನ ವಿಷಯದಲ್ಲಿ ಹೈಪೋಟಾನಿಕ್ ಎಂದರೆ ಬಿಗಿತ ಕಡಿಮೆಯಾಗಿ ಸಡಿಲವಾದ ಸ್ನಾಯು. ಹೈಪರ್‌ಟಾನಿಕ್ ಎಂದರೆ ಬಿಗಿತ ಹೆಚ್ಚಾಗಿ ಸೆಡೆತುಕೊಂಡ ಸ್ನಾಯು.

ನೋಡಿದಿರಾ? ಒಂದು ಕಡೆ ಹೈಪೋ ಎಂದಾಗ ಬಿಗಿಯಾದದ್ದು ಕಾಣುತ್ತದೆ, ಇನ್ನೊಂದು ಕಡೆ ಹೈಪೋ ಎಂದಾಗ ಸಡಿಲವಾದದ್ದು ಕಾಣುತ್ತದೆ. ಹಾಗಾದರೆ ಪದವೇ ಸುಳ್ಳಾಯಿತೇ? ಇಲ್ಲ. ವ್ಯಾಕರಣದಲ್ಲಿ ನಾವು ಕಲಿತ ವಿಶೇಷಣ, ವಿಶೇಷ್ಯಗಳನ್ನು ನೆನಪಿಗೆ ತಂದುಕೊಳ್ಳಬೇಕು. ಹೈಪೋಟಾನಿಕ್ ಎಂಬುದು ವಿಶೇಷಣ. ಅದರ ವಿಶೇಷ್ಯ ಯಾವುದು? ಮೊದಲನೆಯದರಲ್ಲಿ ವಿಶೇಷ್ಯ ಹೊರಗಿನ ದ್ರಾವಣ, ಕೋಶವಲ್ಲ. ಎರಡನೆಯದರಲ್ಲಿ ವಿಶೇಷ್ಯ ಸ್ನಾಯುವೇ. ಹಗ್ಗ ಜಗ್ಗುವ ಆಟದಲ್ಲಿ ಹೊರಗಿನ ಪಕ್ಷ ದುರ್ಬಲವಾದರೆ ಒಳಗಿನ ಪಕ್ಷಕ್ಕೆ ನೀರು ಸಿಕ್ಕಿತು. ಆದ್ದರಿಂದ ದ್ರಾವಣದ ಎಳೆತ ಕಡಿಮೆಯಾದಷ್ಟೂ ಕೋಶ ಬಿಗಿಯಾಗುತ್ತದೆ. ಎರಡು ಕಡೆಯೂ ಹೈಪೋ ಎಂದರೆ ಎಳೆತ ಕಡಿಮೆ ಎಂದೇ ಅರ್ಥ. ಯಾರ ಎಳೆತ ಎಂದು ಕೇಳಿಕೊಂಡರೆ ಗೊಂದಲ ಮಾಯವಾಗುತ್ತದೆ.

ಇನ್ನೊಂದು ಭೇದವೂ ಉಂಟು. ಸ್ನಾಯುವಿನ ಬಿಗಿತಕ್ಕೆ ಕಾರಣ ಉಪ್ಪುನೀರಿನ ಲೆಕ್ಕವಲ್ಲ, ನರಗಳ ಆಜ್ಞೆ. ನಾವು ಸುಮ್ಮನೆ ಕುಳಿತಿರುವಾಗಲೂ ಕತ್ತು ಬೆನ್ನುಗಳ ಸ್ನಾಯುಗಳು ಸ್ವಲ್ಪ ಬಿಗಿಯಾಗಿಯೇ ಇರುತ್ತವೆ. ಇಲ್ಲವಾದರೆ ತಲೆ ಎದೆಯ ಮೇಲೆ ಬೀಳುತ್ತಿತ್ತು. ಸ್ನಾಯು ತುಸು ಹಿಗ್ಗಿದೊಡನೆ ಆ ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲಿಂದ ಬಿಗಿಯಾಗೆಂಬ ಆಜ್ಞೆ ಬರುತ್ತದೆ. ಮಿದುಳು ಇದನ್ನು ಹದದಲ್ಲಿಡುತ್ತದೆ. ಬೆನ್ನುಹುರಿಯಿಂದ ಸ್ನಾಯುವಿಗೆ ಬರುವ ನರದ ದಾರಿ ಕೆಟ್ಟರೆ ಸ್ನಾಯು ಸಡಿಲವಾಗುತ್ತದೆ. ಪೋಲಿಯೋ ರೋಗದಲ್ಲಿ ಹೀಗಾಗುತ್ತಿತ್ತು. ಭಾರತವನ್ನು 2014ರಲ್ಲಿ ಪೋಲಿಯೋ ಮುಕ್ತವೆಂದು ಘೋಷಿಸಲಾಯಿತು. ಮಿದುಳಿನ ಹದ ತಪ್ಪಿದರೆ ಸ್ನಾಯು ಸೆಡೆತುಕೊಳ್ಳುತ್ತದೆ. ಪಾರ್ಶ್ವವಾಯು ಬಡಿದವರ ಕೈಕಾಲು ಕೆಲವು ಕಾಲದ ಮೇಲೆ ಬಿಗಿದುಕೊಳ್ಳುವುದು ಹೀಗೆ. ಹುಟ್ಟುವ ಮೊದಲು ಅಥವಾ ಹುಟ್ಟುವ ಹೊತ್ತಿನಲ್ಲಿ ಮಿದುಳಿಗೆ ಧಕ್ಕೆಯಾದ ಕೆಲವು ಮಕ್ಕಳ ಕಾಲು ಕತ್ತರಿಯಂತೆ ಹೆಣೆದುಕೊಳ್ಳುವುದೂ ಇದರಿಂದಲೇ.

ಹೆತ್ತವರಿಗೆ ಒಂದು ಮಾತು

ಹೆತ್ತವರು ಈ ಭೇದವನ್ನು ತಿಳಿದಿರುವುದು ಅವಶ್ಯ. ವೈದ್ಯರು ಮಗುವಿನ ಚೀಟಿಯಲ್ಲಿ ಹೈಪೋಟೋನಿಯಾ ಎಂದು ಬರೆದರೆ ಅದು ಮಗುವಿನ ಸ್ನಾಯುಗಳು ಸಡಿಲವಾಗಿವೆ ಎಂಬ ಲಕ್ಷಣದ ಹೆಸರು; ಉಪ್ಪು ಕಡಿಮೆಯಾಗಿದೆ ಎಂದಲ್ಲ. ಉಪ್ಪು ಹೆಚ್ಚು ತಿನ್ನಿಸಿ ಅದನ್ನು ಗುಣಪಡಿಸಲು ಹೊರಡಬಾರದು. ಎತ್ತಿಕೊಂಡಾಗ ಕೂಸು ಕೈಯಿಂದ ಜಾರುವಷ್ಟು ಸಡಿಲವಾಗಿದ್ದರೆ, ಅಥವಾ ಬಟ್ಟೆ ಬದಲಿಸುವಾಗ ಕಾಲು ಬಿಡಿಸಲಾರದಷ್ಟು ಬಿಗಿಯಾಗಿದ್ದರೆ, ಗ್ರಹಚಾರವೆಂದು ಸುಮ್ಮನಿರದೆ ಬೇಗನೆ ವೈದ್ಯರಿಗೆ ತೋರಿಸಬೇಕು. ಚಿಕ್ಕಂದಿನಲ್ಲೇ ತೊಡಗಿದ ಅಂಗಸಾಧನೆಯಿಂದ ಇಂತಹ ಮಕ್ಕಳಿಗೆ ಬಹಳ ಪ್ರಯೋಜನವಾಗುತ್ತದೆ. ಮೈ ಬಿಗಿಯಾಗಿರುವ ಅಥವಾ ಸಡಿಲವಾಗಿರುವ ಮಗು ಬುದ್ಧಿಯಲ್ಲಿ ಹಿಂದುಳಿದದ್ದೇ ಆಗಿರಬೇಕೆಂದಿಲ್ಲ. ಅಂತಹ ಮಗುವನ್ನು ಶಾಲೆಯಿಂದ ದೂರವಿಡುವುದು ಅನ್ಯಾಯ.

ದ್ರಾವಣದ ಲೆಕ್ಕ ತಪ್ಪಿದರೂ ಅಪಾಯವುಂಟು. ವಾಂತಿಭೇದಿಯಾದಾಗ ಕೊಡುವ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಅಚ್ಚಾದಷ್ಟು ನೀರಿನಲ್ಲಿಯೇ ಬೆರೆಸಬೇಕು. ಬೇಗ ಗುಣವಾಗಲೆಂದು 1 ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿನಲ್ಲಿ ಕದಡಿ ಕೊಟ್ಟರೆ ಅದು ಹೈಪರ್‌ಟಾನಿಕ್ ಆಗಿ, ಕರುಳಿಗೆ ನೀರು ಕೊಡುವ ಬದಲು ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಈ ದ್ರಾವಣದ ಬಲವನ್ನು 311ರಿಂದ 245 ಮಾನಕ್ಕೆ ಇಳಿಸಿತು. ಕರುಳು ನೀರನ್ನು ಇನ್ನಷ್ಟು ಚೆನ್ನಾಗಿ ಹೀರಲೆಂಬುದೇ ಇದರ ಉದ್ದೇಶ. ಪೊಟ್ಟಣ ಸಿಗದಾಗ ಮನೆಯಲ್ಲಿಯೇ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಬಹುದು. ಕಣ್ಣಂದಾಜಿನಲ್ಲಿ ಹಾಕಬಾರದು. ಆಮ್‌ಸ್ಟರ್‌ಡಾಮಿನಲ್ಲಿ ಎಲೆಯ ಸಿಪ್ಪೆ ಸುಲಿಯುತ್ತ ಕುಳಿತವರ ಲೆಕ್ಕ ನಮ್ಮ ಅಡಿಗೆಮನೆಯ ಚಮಚದವರೆಗೂ ಬಂದಿದೆ.

ಉತ್ತರಾರ್ಧ

ಈ ಕೆಲಸದಿಂದ ಹೆಸರು ಬಂದ ಮೇಲೂ ಡಿ ವ್ರೀಸ್ ಅಲ್ಲಿಯೇ ನಿಲ್ಲಲಿಲ್ಲ. ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದುಬರುತ್ತವೆ ಎಂಬ ಪ್ರಶ್ನೆ ಅವರನ್ನು ಸೆಳೆಯಿತು. 1886ರಲ್ಲಿ ಹಿಲ್ವರ್ಸಮ್ ಬಳಿ ಪಾಳುಬಿದ್ದ ಆಲೂಗಡ್ಡೆಯ ಹೊಲವೊಂದರಲ್ಲಿ, ಸಂಜೆ ಅರಳುವ ಹಳದಿ ಹೂವಿನ ಈನೋಥೆರಾ ಗಿಡಗಳ ನಡುವೆ ತಮ್ಮ ಜಾತಿಗಿಂತ ಭಿನ್ನವಾದ ಕೆಲವು ಗಿಡಗಳನ್ನು ಕಂಡರು. ಅವುಗಳನ್ನು ತಂದು ತೋಟದಲ್ಲಿ ವರ್ಷಗಟ್ಟಲೆ ಬೆಳೆಸಿ, ಹೊಸ ಗುಣಗಳು ಒಮ್ಮೆಲೇ ತಲೆದೋರಬಲ್ಲವು ಎಂಬ ಉತ್ಪರಿವರ್ತನೆಯ ಸಿದ್ಧಾಂತವನ್ನು 1901ರಿಂದ 1903ರ ಅವಧಿಯಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. 1900ರಲ್ಲಿ ಮೆಂಡೆಲರ ಮರೆತುಹೋದ ನಿಯಮಗಳು ಬೆಳಕಿಗೆ ಬಂದಾಗ ಆ ಕಾರ್ಯದಲ್ಲಿ ಕೋರೆನ್ಸ್ ಮತ್ತು ಚೆರ್ಮಾಕ್ ಅವರೊಡನೆ ಡಿ ವ್ರೀಸರ ಪಾತ್ರವೂ ಇತ್ತು. ಆದರೆ ಫ್ರೆಂಚ್ ಭಾಷೆಯಲ್ಲಿ ಅವರು ಬರೆದ ಚಿಕ್ಕ ಲೇಖನದಲ್ಲಿ ಮೆಂಡೆಲರ ಹೆಸರು ಇರಲಿಲ್ಲ. ಜರ್ಮನ್ ಲೇಖನದಲ್ಲಿ ಮಾತ್ರ ಇತ್ತು. ಇದು ಆಕ್ಷೇಪಣೆಗೆ ಕಾರಣವಾಯಿತೆಂಬುದನ್ನೂ ಹೇಳಬೇಕು. ಹಾಗೆಯೇ ಈನೋಥೆರಾದಲ್ಲಿ ಅವರು ಕಂಡ ಬದಲಾವಣೆಗಳಲ್ಲಿ ಹೆಚ್ಚಿನವು ಆ ಗಿಡದ ವರ್ಣತಂತುಗಳ ವಿಚಿತ್ರ ವ್ಯವಸ್ಥೆಯಿಂದ ಆದವೆಂದು ಮುಂದಿನವರು ತೋರಿಸಿದರು. ದೊಡ್ಡವರ ಕೆಲಸದಲ್ಲಿಯೂ ಉಳಿಯುವುದುಂಟು, ಅಳಿಯುವುದುಂಟು. ಐಸೋಟಾನಿಕ್ ಲೆಕ್ಕ ಮಾತ್ರ ಇಂದಿಗೂ ಉಳಿದಿದೆ.

1904ರಲ್ಲಿ ಅಮೆರಿಕಕ್ಕೆ ಹೋಗಿ ಉಪನ್ಯಾಸಗಳನ್ನು ಕೊಟ್ಟರು. ಮತ್ತೆ 1906 ಮತ್ತು 1912ರಲ್ಲಿಯೂ ಹೋಗಿ ಬಂದರು. ಲಂಡನ್ನಿನ ರಾಯಲ್ ಸೊಸೈಟಿ 1906ರಲ್ಲಿ ಅವರಿಗೆ ಡಾರ್ವಿನ್ ಪದಕವನ್ನಿತ್ತು ಗೌರವಿಸಿತು. 1918ರಲ್ಲಿ 70 ತುಂಬಿದಾಗ ನಿವೃತ್ತರಾಗಿ ಲುಂಟೆರೆನ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅಲ್ಲಿಯೂ ತೋಟ ಮಾಡಿ, ಪ್ರಯೋಗಗಳನ್ನು ಮುಂದುವರಿಸಿದರು. 1935ರ ಮೇ 21ರಂದು, 87ನೆಯ ವಯಸ್ಸಿನಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ಗಡಿನಾಡಿನಲ್ಲಿ ಎರಡು ಮೂರು ಭಾಷೆಗಳ ನಡುವೆ ಓದುವ ನಮ್ಮ ಮಕ್ಕಳಿಗೆ ಡಿ ವ್ರೀಸ್ ಇನ್ನೊಂದು ಕಾರಣಕ್ಕೆ ಹತ್ತಿರದವರು. ಅವರ ತಾಯ್ನುಡಿಯಾದ ಡಚ್ ಸುತ್ತಲಿನ ಭಾಷೆಗಳಿಗೆ ಹೋಲಿಸಿದರೆ ಸಣ್ಣ ನಾಡಿನ ನುಡಿ. ಡಾಕ್ಟರ್ ಪದವಿಯ ಪ್ರಬಂಧವನ್ನು ಅವರು ಅದರಲ್ಲಿಯೇ ಬರೆದರು. ಮುಂದೆ ಜರ್ಮನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳಲ್ಲಿ ಬರೆದು ಲೋಕದ ಮುಂದೆ ನಿಂತರು. ತಾಯ್ನುಡಿಯಲ್ಲಿ ಕಲಿತದ್ದು ಅವರಿಗೆ ಅಡ್ಡಿಯಾಗಲಿಲ್ಲ. ಬೇರೆ ನುಡಿ ಕಲಿತದ್ದರಿಂದ ತಾಯ್ನುಡಿ ಕೆಡಲಿಲ್ಲ. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಕೇಳುವ ಮಕ್ಕಳಿಗೆ ಒಂದೇ ಮಾತು ಎರಡು ಕಡೆ ಎರಡು ಅರ್ಥ ಕೊಡುವುದು ಹೊಸ ಅನುಭವವಲ್ಲ. ಮಾತು ಯಾರನ್ನು ಕುರಿತದ್ದು ಎಂದು ನಿಂತು ಕೇಳುವ ಅಭ್ಯಾಸ ಅವರಿಗೆ ಆಗಲೇ ಇದೆ. ವಿಜ್ಞಾನದ ಪುಸ್ತಕವನ್ನು ತೆರೆದಾಗಲೂ ಅದನ್ನು ಮರೆಯದಿದ್ದರೆ ಸಾಕು. ಮುಂದಿನ ವರ್ಷದ ಪರೀಕ್ಷೆಯಲ್ಲಿ ಹೈಪೋಟಾನಿಕ್ ಎಂಬ ಪ್ರಶ್ನೆ ಬಂದರೆ, ಉತ್ತರ ಬರೆಯುವ ಮೊದಲು ನಮ್ಮ ಮಕ್ಕಳು ವಿಶೇಷ್ಯವನ್ನು ಹುಡುಕಲಿ ಎಂದು ನಾವು ಹಾರೈಸುತ್ತೇವೆ.